ಗುಂಡಿ ಒತ್ತುವವರು, ತೀರ್ಮಾನಿಸುವವರು: ಆನ್‌ಲೈನ್ ಆಟಗಳಲ್ಲಿ ಮ್ಯಾಕ್ರೊ

ಆನ್‌ಲೈನ್ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಮ್ಯಾಕ್ರೊ ಎಂದರೆ ಹಲವು ಆಜ್ಞೆಗಳನ್ನು ಒಂದೇ ಗುಂಡಿಗೆ ಕಟ್ಟಿಡುವುದು. ಸ್ಕ್ರಿಪ್ಟ್ ಇನ್ನೂ ಮುಂದೆ ಹೋಗುತ್ತದೆ: ‘ಹೀಗಾದರೆ ಹಾಗೆ ಮಾಡು’ ಎಂಬ ವಿವೇಚನೆಯನ್ನೂ ತಾನೇ ವಹಿಸಿಕೊಳ್ಳುತ್ತದೆ. ಕೈಕೆಲಸವನ್ನು ಯಂತ್ರಕ್ಕೆ ಬಿಡಬಹುದು, ತೀರ್ಮಾನವನ್ನೂ ಬಿಡಬಹುದೆ? ಈ ಕ್ಷೇತ್ರದ ದೊಡ್ಡ ಜಗಳಗಳೆಲ್ಲ ಈ ಪ್ರಶ್ನೆಯ ಸುತ್ತಲೇ ನಡೆದಿವೆ.

1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ರೂಪಿಸಿದ ‘ಮಡ್’ ಬರೀ ಅಕ್ಷರಗಳ ಆಟ. ಅದರ ಸಂತತಿಯ ಆಟಗಳಿಗಾಗಿ ಟೈನಿಫ್ಯೂಗ್, ಜೀಮಡ್‌ನಂಥ ತಂತ್ರಾಂಶಗಳು ಬಂದವು. ಪರದೆಯ ಮೇಲೆ ‘ನಿನಗೆ ಹಸಿವಾಗಿದೆ’ ಎಂಬ ಸಾಲು ಮೂಡಿದೊಡನೆ ‘ರೊಟ್ಟಿ ತಿನ್ನು’ ಎಂಬ ಆಜ್ಞೆ ತಾನಾಗಿ ಹೋಗುವಂತೆ ಆಟಗಾರ ಟ್ರಿಗರ್ ಬರೆದಿಡಬಹುದಿತ್ತು. ಆಟವಿಡೀ ಪಠ್ಯವಾಗಿದ್ದರಿಂದ ಯಂತ್ರ ಅದನ್ನು ಸಲೀಸಾಗಿ ಓದುತ್ತಿತ್ತು. ಪ್ರೋಗ್ರಾಮಿಂಗ್‌ನ ಮೊದಲ ರುಚಿ ಹತ್ತಿಸುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣದು.

1997ರ ಅಲ್ಟಿಮಾ ಆನ್‌ಲೈನ್‌ನಲ್ಲಿ ಕೌಶಲ ಬೆಳೆಯುತ್ತಿದ್ದದ್ದು ಬಳಕೆಯಿಂದ. ಕಮ್ಮಾರನಾಗಬೇಕೆಂದರೆ ಬಡಿದದ್ದನ್ನೇ ಬಡಿಯಬೇಕು. ಆಟದೊಳಗೇ ಮ್ಯಾಕ್ರೊ ಸೌಲಭ್ಯವಿತ್ತು, ಹೊರಗಿನಿಂದ ಈಸಿಯುಒ ಎಂಬ ತಂತ್ರಾಂಶ ಬಂತು, ಜನ ಕಂಪ್ಯೂಟರನ್ನು ದುಡಿಯಲು ಬಿಟ್ಟು ಮಲಗಿದರು. ನಿಯಮ ಮ್ಯಾಕ್ರೊವನ್ನು ನಿಷೇಧಿಸಲಿಲ್ಲ. ಆಟಗಾರ ಎದುರಿಗಿಲ್ಲದೆ ಓಡುವ ಮ್ಯಾಕ್ರೊವನ್ನು ನಿಷೇಧಿಸಿತು. ಆಟದ ಮೇಲ್ವಿಚಾರಕರು ಬಂದು ಮಾತಾಡಿಸಿದರೆ ಉತ್ತರ ಬರಬೇಕಿತ್ತು. ರೂನ್‌ಸ್ಕೇಪ್ ಎಂಬ ಆಟದಲ್ಲಿ ಇದೇ ಕೆಲಸಕ್ಕೆ ವಿಚಿತ್ರ ಪಾತ್ರಗಳು ಏಕಾಏಕಿ ಎದುರಾಗಿ ಒಗಟು ಒಡ್ಡುತ್ತಿದ್ದವು. ಇಲ್ಲಿ ಆಟಗಾರರನ್ನಷ್ಟೇ ದೂರುವುದು ತರವಲ್ಲ. ಮನುಷ್ಯ ಬೇಸತ್ತು ಯಂತ್ರಕ್ಕೆ ಒಪ್ಪಿಸುವಂಥ ಕೆಲಸವನ್ನು ಆಟವೆಂದು ಕೊಟ್ಟ ವಿನ್ಯಾಸಕಾರರ ಪಾಲೂ ಅದರಲ್ಲಿದೆ.

ಕೈಕೆಲಸಕ್ಕೂ ತೀರ್ಮಾನಕ್ಕೂ ನಡುವಿನ ಗೆರೆಯನ್ನು ಅತ್ಯಂತ ಯೋಚಿಸಿ ಎಳೆದದ್ದು 2004ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. ಬ್ಲಿಜ್ಜರ್ಡ್ ಕಂಪನಿ ಇದರ ಪರದೆಯ ವಿನ್ಯಾಸವನ್ನು ಬ್ರೆಜಿಲ್‌ನಲ್ಲಿ ಹುಟ್ಟಿದ ಲುವಾ ಭಾಷೆಯ ಮೂಲಕ ಆಟಗಾರರಿಗೆ ತೆರೆದಿಟ್ಟಿತು. ಆಟಗಾರರೇ ಬರೆದು ಸೇರಿಸುವ ಪುಟ್ಟ ತಂತ್ರಾಂಶಗಳ, ಅಂದರೆ ಆ್ಯಡ್‌ಆನ್‌ಗಳ, ಸುಗ್ಗಿಯೇ ಆಯಿತು. ಅವುಗಳಲ್ಲೊಂದು ಡಿಕರ್ಸಿವ್. ನಲವತ್ತು ಜನರ ದಾಳಿಯಲ್ಲಿ ಯಾರ ಮೇಲೆ ಶಾಪ ಬಿದ್ದಿದೆ, ಯಾರನ್ನು ಮೊದಲು ಬಿಡಿಸಬೇಕು ಎಂದು ಅದೇ ಆರಿಸುತ್ತಿತ್ತು. ಆಟಗಾರ ಒಂದೇ ಗುಂಡಿಯನ್ನು ಒತ್ತುತ್ತ ಕೂತರೆ ಸಾಕಿತ್ತು. ಬೆರಳು ಮನುಷ್ಯನದು, ಬುದ್ಧಿ ಆ್ಯಡ್‌ಆನ್‌ನದು.

2006ರ ಡಿಸೆಂಬರ್‌ನಲ್ಲಿ ಬಂದ 2.0 ಪರಿಷ್ಕರಣೆ ಇದಕ್ಕೆ ತಡೆ ಹಾಕಿತು. ಮಂತ್ರ ಪ್ರಯೋಗಿಸುವ, ಗುರಿ ಆರಿಸುವ ಆಜ್ಞೆಗಳು ರಕ್ಷಿತವಾದವು. ಕಾಳಗದ ನಡುವೆ ಆ್ಯಡ್‌ಆನ್ ಯಾವ ಗುಂಡಿಯ ಕೆಲಸವನ್ನೂ ಬದಲಿಸುವಂತಿಲ್ಲ. ಬದಲಿಗೆ 255 ಅಕ್ಷರಗಳ ಮಿತಿಯ ಮ್ಯಾಕ್ರೊಗೆ ಷರತ್ತುಗಳು ಸಿಕ್ಕವು. ಶಿಫ್ಟ್ ಕೀ ಒತ್ತಿದೆಯೆ, ಮೌಸ್ ಕೆಳಗಿರುವವನು ಮಿತ್ರನೆ, ಬದುಕಿದ್ದಾನೆಯೆ ಎಂದು ಕೇಳಬಹುದು. ಅವನ ಪ್ರಾಣಶಕ್ತಿ ಎಷ್ಟು ಉಳಿದಿದೆ ಎಂದು ಕೇಳುವಂತಿಲ್ಲ. ಆಟಗಾರ ಈಗಾಗಲೇ ಮಾಡಿದ ಆಯ್ಕೆಯನ್ನು ಮ್ಯಾಕ್ರೊ ತಿಳಿದುಕೊಳ್ಳಬಹುದು, ಅವನು ಮಾಡಬೇಕಾದ ಆಯ್ಕೆಯನ್ನು ತಾನು ಮಾಡಕೂಡದು. ಆಟದ ವಿನ್ಯಾಸದಲ್ಲಿ ಇಷ್ಟು ಸೂಕ್ಷ್ಮವಾದ ವಿವೇಚನೆಯನ್ನು ನಾನು ಬೇರೆ ಕಡೆ ಕಂಡಿಲ್ಲ. ಸರಳ ಗೆರೆಗಳೂ ಇವೆ: ಗಿಲ್ಡ್ ವಾರ್ಸ್ 2ರಲ್ಲಿ ಒಂದು ಒತ್ತಿಗೆ ಒಂದೇ ಕ್ರಿಯೆ.

ಗೆರೆ ದಾಟಿದವರು ನ್ಯಾಯಾಲಯಕ್ಕೂ ಹೋದರು. ಆಟವನ್ನು ತಾನೇ ಆಡುವ ಗ್ಲೈಡರ್ ಎಂಬ ಬಾಟ್ ಮಾರುತ್ತಿದ್ದ ಎಮ್‌ಡಿವೈ ಸಂಸ್ಥೆಯ ಪ್ರಕರಣದಲ್ಲಿ ಅಮೆರಿಕದ ಒಂಬತ್ತನೇ ಸರ್ಕಿಟ್ ನ್ಯಾಯಾಲಯ 2010ರ ಡಿಸೆಂಬರ್‌ನಲ್ಲಿ ತೀರ್ಪಿತ್ತಿತು. ಬಾಟ್ ಬಳಸಿ ಆಟದ ಕರಾರು ಮುರಿಯುವುದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ. ಆದರೆ ವಾರ್ಡನ್ ಎಂಬ ಕಾವಲು ತಂತ್ರಾಂಶದ ಕಣ್ಣು ತಪ್ಪಿಸುವ ಸಾಧನ ಮಾರುವುದು ಡಿಜಿಟಲ್ ಕೃತಿಸ್ವಾಮ್ಯ ಕಾಯ್ದೆಯಡಿ ತಪ್ಪು. ಇಂಥವೇ ಬಾಟ್‌ಗಳನ್ನು ಮಾರುತ್ತಿದ್ದ ಜರ್ಮನಿಯ ಬಾಸ್‌ಲ್ಯಾಂಡ್ ಸಂಸ್ಥೆಯ ವಿರುದ್ಧ 2017ರಲ್ಲಿ ಸುಮಾರು 85 ಲಕ್ಷ ಡಾಲರ್ ಪರಿಹಾರದ ತೀರ್ಪು ಬಂತು.

ಇತ್ತ ಕೊರಿಯಾದಲ್ಲಿ 2016ರಲ್ಲಿ ಬಂದ ಲಿನಿಯೇಜ್ 2 ರೆವಲ್ಯೂಶನ್‌ನಂಥ ಮೊಬೈಲ್ ಆಟಗಳು ಬಾಟ್‌ನ ಕೆಲಸವನ್ನೇ ‘ಆಟೊ’ ಗುಂಡಿಯಾಗಿ ಆಟದೊಳಗಿಟ್ಟವು. ಪಾತ್ರ ತಾನೇ ಬೇಟೆಯಾಡುತ್ತದೆ. ಒಡೆಯ ನೋಡುತ್ತ ಕೂರಬಹುದು.

2025ರಲ್ಲಿ ವಾರ್‌ಕ್ರಾಫ್ಟ್ ಕೂಡ ಹೊರಳಿತು. ಮಿಡ್‌ನೈಟ್ ವಿಸ್ತರಣೆಯಿಂದ ಕಾಳಗದ ಮಾಹಿತಿಯನ್ನು ಆ್ಯಡ್‌ಆನ್‌ಗಳು ತೋರಿಸಬಹುದೇ ಹೊರತು ಅದರ ಮೇಲೆ ಲೆಕ್ಕ ಕಟ್ಟುವಂತಿಲ್ಲ ಎಂದು ಬ್ಲಿಜ್ಜರ್ಡ್ ಸಾರಿತು. ಹೆಸರಾಂತ ಆ್ಯಡ್‌ಆನ್ ವೀಕ್‌ಆರಾಸ್‌ನ ತಂಡ ಹೊಸ ಆವೃತ್ತಿ ತರುವುದಿಲ್ಲವೆಂದಿತು. ಅದೇ ವರ್ಷ ಕಂಪನಿಯೇ ಒಂದು ಸಹಾಯಕ ಗುಂಡಿಯನ್ನು ಕೊಟ್ಟಿತ್ತು. ಅದನ್ನು ಒತ್ತಿದಷ್ಟು ಸಲವೂ ಮುಂದಿನ ಮಂತ್ರವನ್ನು ಆಟವೇ ಆರಿಸುತ್ತದೆ. ದಂಡವಾಗಿ ಎರಡು ಮಂತ್ರಗಳ ನಡುವಿನ ಅಂತರ ತುಸು ಹಿಗ್ಗುತ್ತದೆ. ಹತ್ತು ಬೆರಳೂ ಚುರುಕಾಗಿರುವವರಿಗೆ ಈ ದಂಡ ನ್ಯಾಯವೇ. ಕೈ ಸ್ವಾಧೀನವಿಲ್ಲದೆ ಆ ಒಂದು ಗುಂಡಿಯನ್ನೇ ನಂಬಿ ಆಡುವವರಿಗೆ ಅದನ್ನು ಮನ್ನಾ ಮಾಡಬೇಕಿತ್ತು.