ಇಲಿ ಬಿದ್ದರೆ ಊರು ಬಿಡುತ್ತಿದ್ದ ಕಾಲ

ಅಟ್ಟದಿಂದ ಸತ್ತ ಇಲಿ ಬಿತ್ತೆಂದರೆ ಮನೆ ಖಾಲಿ ಮಾಡಬೇಕು. ನೂರು ವರ್ಷದ ಹಿಂದೆ ಹಳೇ ಮೈಸೂರು ಸೀಮೆಯ ಜನ ಪಾತ್ರೆ ಪಡಗ ಹೊತ್ತು ಊರಾಚೆ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಅದು ಪ್ಲೇಗ್ ಕಾಲ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯ ಮಲೆನಾಡ ಅಗ್ರಹಾರದಲ್ಲೂ ಇಲಿಗಳು ಸಾಯುತ್ತವೆ. ಅದರ ಸಿನಿಮಾ ಚಿತ್ರೀಕರಣ ನಡೆದದ್ದು ನಮ್ಮ ಜಿಲ್ಲೆಯ ಶೃಂಗೇರಿ ಬಳಿಯ ವೈಕುಂಠಪುರದಲ್ಲಿ.

1896ರಲ್ಲಿ ಮುಂಬೈಯಲ್ಲಿ ಕಾಣಿಸಿಕೊಂಡ ಪ್ಲೇಗ್ ಹುಬ್ಬಳ್ಳಿ ದಾಟಿ 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂತು. ಅದೇ ವರ್ಷ ಕರಾಚಿಯಲ್ಲಿ ಪ್ರಯೋಗ ಮಾಡಿದ ಫ್ರಾನ್ಸಿನ ವೈದ್ಯ ಪಾಲ್ ಲೂಯಿ ಸಿಮೋಂ, ರೋಗ ಹರಡುವುದು ಇಲಿಯ ಮೈಮೇಲಿನ ಚಿಗಟ ಎಂದು ತೋರಿಸಿದರು. ಮೊದಲಿಗೆ ಹೆಚ್ಚಿನವರು ನಂಬಲಿಲ್ಲ.

ಚಿಗಟ ಹೇಗೆ ಹರಡುತ್ತದೆ? 1914ರಲ್ಲಿ ಬೇಕಟ್ ಮತ್ತು ಮಾರ್ಟಿನ್ ಉತ್ತರ ಕೊಟ್ಟರು. ಚಿಗಟದ ಅನ್ನನಾಳದ ತುದಿಯಲ್ಲಿ ಬ್ಯಾಕ್ಟೀರಿಯಾ ಮುದ್ದೆ ಕಟ್ಟಿ ದಾರಿ ಮುಚ್ಚುತ್ತದೆ. ಹೀರಿದ ರಕ್ತ ಹೊಟ್ಟೆಗೆ ಇಳಿಯುವುದಿಲ್ಲ. ಹಸಿದ ಚಿಗಟ ಮತ್ತೆ ಮತ್ತೆ ಕಚ್ಚುತ್ತದೆ. ರಕ್ತ ಮುದ್ದೆಗೆ ತಾಗಿ, ಬ್ಯಾಕ್ಟೀರಿಯಾ ಸಮೇತ ಕಚ್ಚಿದ ಗಾಯಕ್ಕೇ ವಾಪಸ್ ಬರುತ್ತದೆ.

ಆ ಮುದ್ದೆಗೆ ಇಂದಿನ ಹೆಸರು ಬಯೋಫಿಲ್ಮ್. ನೀರಿನ ಟ್ಯಾಂಕಿನ ಒಳಗೋಡೆಗೆ ಕೈಯಾಡಿಸಿದರೆ ಸಿಗುವ ಲೋಳೆಯೂ ಅದೇ ಜಾತಿ. ಬ್ಯಾಕ್ಟೀರಿಯಾಗಳು ಅಂಟು ಸುರಿಸಿ ಒಟ್ಟಾಗಿ ಕಟ್ಟುವ ಮನೆ ಅದು. ಅನೇಕ ಬ್ಯಾಕ್ಟೀರಿಯಾಗಳು ರಾಸಾಯನಿಕ ಬಿಟ್ಟು ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ತಮ್ಮವರು ಸಾಕಷ್ಟು ಸೇರಿದ್ದಾರೆ ಎಂದು ತಿಳಿದ ಮೇಲೆ ಕೂಡಿ ಕೆಲಸ ಮಾಡುತ್ತವೆ. ಒಂಟಿಯಾಗಿದ್ದರೆ ಸಾಯುವಂಥವು ಲೋಳೆಯೊಳಗೆ ಔಷಧಿಯನ್ನೂ ತಡೆದುಕೊಳ್ಳಬಲ್ಲವು.

ಈಗ ಹಿರಿಯರ ನಡೆ ಅರ್ಥವಾಗುತ್ತದೆ. ಇಲಿ ಸತ್ತು ಮೈ ತಣ್ಣಗಾದರೆ ಚಿಗಟ ಅದನ್ನು ಬಿಟ್ಟು ಮನುಷ್ಯರ ಮೇಲೆ ಹತ್ತುತ್ತದೆ. ಅಷ್ಟರಲ್ಲಿ ಮನೆ ಬಿಟ್ಟವರು ಬದುಕುವ ಸಾಧ್ಯತೆ ಹೆಚ್ಚು. ಸೂಕ್ಷ್ಮದರ್ಶಕ ಇಲ್ಲದೆಯೇ ಅವರು ಗುರುತು ಹಿಡಿದಿದ್ದರು.

ನಮ್ಮ ಕಾಫಿ ಮಲೆಯಲ್ಲಿ ಈಗ ಕಾಡುವುದು ಇಲಿಜ್ವರ. ಅದರ ಬ್ಯಾಕ್ಟೀರಿಯಾವೂ ಇಲಿಯ ಮೂತ್ರಪಿಂಡದಲ್ಲಿ ಬಯೋಫಿಲ್ಮ್ ಕಟ್ಟಿ ಕೂರುತ್ತದೆ. ಮೂತ್ರದ ಮೂಲಕ ಕೆಸರಿಗೆ, ನೀರಿಗೆ ಸೇರುತ್ತದೆ. ಕಾಲಿನ ಗಾಯದಿಂದ ನಮ್ಮ ಮೈಗೆ ಬರುತ್ತದೆ. ಆದರೆ ಇಲಿ ಮಾತ್ರ ಸಾಯುವುದಿಲ್ಲ, ಆರಾಮಾಗಿ ಓಡಾಡಿಕೊಂಡಿರುತ್ತದೆ.

ಅಂದರೆ ಅಟ್ಟದಿಂದ ಎಚ್ಚರಿಕೆ ಬೀಳುವುದಿಲ್ಲ. ಮಳೆಗಾಲದಲ್ಲಿ ತೋಟಕ್ಕೆ, ಗದ್ದೆಗೆ ಬೂಟು ಹಾಕಿ ಇಳಿಯಿರಿ. ಜ್ವರದ ಜೊತೆ ಮೀನಖಂಡ ನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಕೆಸರಲ್ಲಿ ಕೆಲಸ ಮಾಡಿದ್ದನ್ನು ಡಾಕ್ಟರಿಗೆ ಹೇಳಿ.