ರಕ್ತನಾಳ ಮುಚ್ಚುವ ಪಾಲಿಮರ್ ಸೂಕ್ಷ್ಮಗೋಳಗಳು

ರಕ್ತನಾಳ ಮುಚ್ಚುವ ಪಾಲಿಮರ್ ಸೂಕ್ಷ್ಮಗೋಳಗಳು ಎಂದರೆ ರೋಗಪೀಡಿತ ಅಂಗಭಾಗಕ್ಕೆ ಹೋಗುವ ರಕ್ತವನ್ನು ಉದ್ದೇಶಪೂರ್ವಕವಾಗಿ ತಡೆಯಲು ಅಪಧಮನಿಯೊಳಗೆ ಬಿಡುವ ಅತಿ ಸಣ್ಣ ಗುಂಡನೆಯ ಕಣಗಳು. ಇವುಗಳ ವ್ಯಾಸ ಸಾಮಾನ್ಯವಾಗಿ 40ರಿಂದ 1200 ಮೈಕ್ರೊಮೀಟರ್‌ವರೆಗೆ ಇರುತ್ತದೆ. ಅತಿ ಸಣ್ಣವು ಕೂದಲೆಳೆಯ ದಪ್ಪದಷ್ಟಿದ್ದರೆ ದೊಡ್ಡವು ಸಣ್ಣ ಸಾಸಿವೆ ಕಾಳನ್ನು ಹೋಲುತ್ತವೆ. ಈ ಚಿಕಿತ್ಸೆಯನ್ನು ಎಂಬೊಲೈಸೇಶನ್ ಎಂದು ಕರೆಯುತ್ತಾರೆ. ಗರ್ಭಕೋಶದ ಫೈಬ್ರಾಯ್ಡ್ ಗಡ್ಡೆ, ಯಕೃತ್ತಿನ ಕ್ಯಾನ್ಸರ್ ಹಾಗೂ ಕೆಲವು ಬಗೆಯ ರಕ್ತಸ್ರಾವಗಳಲ್ಲಿ ಇದು ಬಳಕೆಯಲ್ಲಿದೆ.

ಚಿಕಿತ್ಸೆಯ ಕ್ರಮ

ತೊಡೆಸಂದಿಯ ಅಥವಾ ಮಣಿಕಟ್ಟಿನ ಅಪಧಮನಿಯ ಮೂಲಕ ಕ್ಯಾತಿಟರ್ ಎಂಬ ತೆಳುವಾದ ಕೊಳವೆಯನ್ನು ಒಳಸೇರಿಸಲಾಗುತ್ತದೆ. ಕ್ಷ-ಕಿರಣದ ಪರದೆಯನ್ನು ನೋಡುತ್ತ, ರೋಗಪೀಡಿತ ಭಾಗಕ್ಕೆ ರಕ್ತ ಪೂರೈಸುವ ನಾಳದವರೆಗೆ ತಜ್ಞರು ಅದನ್ನು ಒಯ್ಯುತ್ತಾರೆ. ಅನಂತರ ಕ್ಷ-ಕಿರಣದಲ್ಲಿ ಕಾಣುವ ದ್ರವದೊಡನೆ ಬೆರೆಸಿದ ಗೋಳಗಳನ್ನು ನಿಧಾನವಾಗಿ ಬಿಡಲಾಗುತ್ತದೆ. ಅವು ರಕ್ತದ ಹರಿವಿನೊಡನೆ ಸಾಗಿ, ತಮ್ಮ ಗಾತ್ರಕ್ಕಿಂತ ಕಿರಿದಾದ ನಾಳವನ್ನು ತಲುಪಿದಾಗ ಅಲ್ಲಿಯೇ ಸಿಕ್ಕಿಕೊಳ್ಳುತ್ತವೆ. ರಕ್ತ ದೊರೆಯದ ಗಡ್ಡೆ ಕ್ರಮೇಣ ಕುಗ್ಗುತ್ತದೆ.

ಇತಿಹಾಸ

1904ರಲ್ಲಿ ಅಮೆರಿಕದ ಶಸ್ತ್ರವೈದ್ಯ ಡಾಬಾರ್ನ್ ಅವರು ತಲೆ ಮತ್ತು ಕತ್ತಿನ ಗಡ್ಡೆಗಳಿಗೆ ರಕ್ತ ಒಯ್ಯುವ ಅಪಧಮನಿಯಲ್ಲಿ ಪ್ಯಾರಫಿನ್ ಮೇಣ ಮತ್ತು ವ್ಯಾಸಲೀನ್ ಮಿಶ್ರಣವನ್ನು ಬಳಸಿದರು. 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ಅವರು ಸೂಜಿ ಮತ್ತು ತಂತಿಯ ನೆರವಿನಿಂದ ರಕ್ತನಾಳವನ್ನು ಪ್ರವೇಶಿಸುವ ವಿಧಾನವನ್ನು ಪ್ರಕಟಿಸಿದ ಬಳಿಕ ಈ ಚಿಕಿತ್ಸೆಗೆ ದಾರಿ ಸುಗಮವಾಯಿತು. 1972ರಲ್ಲಿ ರೋಶ್, ಡಾಟರ್ ಮತ್ತು ಬ್ರೌನ್ ಅವರು ಹೊಟ್ಟೆಯ ರಕ್ತಸ್ರಾವವನ್ನು ನಿಲ್ಲಿಸಲು ರೋಗಿಯದೇ ರಕ್ತದ ಹೆಪ್ಪನ್ನು ಬಳಸಿದ್ದನ್ನು ವರದಿ ಮಾಡಿದರು.

1970ರ ದಶಕದ ಮಧ್ಯದಲ್ಲಿ ಪಾಲಿವಿನೈಲ್ ಆಲ್ಕೊಹಾಲ್ ಸ್ಪಂಜಿನ ಪುಡಿ ಬಳಕೆಗೆ ಬಂದಿತು. ಇದರ ಕಣಗಳು ಅಂಕುಡೊಂಕಾಗಿದ್ದುದರಿಂದ ಒಂದಕ್ಕೊಂದು ಅಂಟಿ ಗುಂಪುಗೂಡುತ್ತಿದ್ದವು. ಕೆಲವೊಮ್ಮೆ ಕ್ಯಾತಿಟರನ್ನೇ ಮುಚ್ಚುತ್ತಿದ್ದವು. ಗುರಿಗಿಂತ ಬಹಳ ಮೊದಲೇ ಅವು ನಿಂತುಬಿಡುತ್ತಿದ್ದುದೂ ಉಂಟು. ಈ ದೋಷವೇ ಗೋಳಾಕಾರದ ಕಣಗಳ ಹುಡುಕಾಟಕ್ಕೆ ಕಾರಣವಾಯಿತು. 1996ರಲ್ಲಿ ಫ್ರಾನ್ಸಿನ ಅಲೆಕ್ಸಾಂಡರ್ ಲೋರಾಂ ಮತ್ತು ಸಂಗಡಿಗರು ಅಕ್ರಿಲಿಕ್ ಪಾಲಿಮರ್ ಹಾಗೂ ಜೆಲಾಟಿನ್ ಕೂಡಿದ ಸೂಕ್ಷ್ಮಗೋಳಗಳನ್ನು ವರದಿ ಮಾಡಿದರು. ಅದರ ಹಿಂದಿನ ವರ್ಷ, ಅದೇ ದೇಶದ ರವಿನಾ ಅವರ ತಂಡ ಫೈಬ್ರಾಯ್ಡ್ ಗಡ್ಡೆಗೆ ಈ ಬಗೆಯ ಚಿಕಿತ್ಸೆ ಫಲಕಾರಿ ಎಂದು ಪ್ರಕಟಿಸಿತ್ತು.

ಭಾರತದಲ್ಲಿ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ವೈದ್ಯಕೀಯ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಎ. ಜಯಕೃಷ್ಣನ್ ಮತ್ತು ಸಹೋದ್ಯೋಗಿಗಳು 1980ರ ದಶಕದ ಕೊನೆಯಲ್ಲಿಯೇ ಈ ಕ್ಷೇತ್ರದಲ್ಲಿ ಸಂಶೋಧನೆ ನಡೆಸಿದ್ದರು. ಮೃದು ಕಾಂಟ್ಯಾಕ್ಟ್ ಲೆನ್ಸಿಗೆ ಬಳಸುವ ಪಾಲಿಮರಿನ ಗೋಳಗಳಲ್ಲಿ ಬೇರಿಯಂ ಸಲ್ಫೇಟನ್ನು ಅಥವಾ ಅಯೋಡಿನ್ ಸಂಯುಕ್ತಗಳನ್ನು ಸೇರಿಸಿ, ಗೋಳಗಳೇ ಕ್ಷ-ಕಿರಣದಲ್ಲಿ ಕಾಣುವಂತೆ ಮಾಡುವುದು ಅವರ ಉದ್ದೇಶವಾಗಿತ್ತು.

ವಿನ್ಯಾಸದ ಅಂಶಗಳು

ಗಾತ್ರ: ಎಲ್ಲಕ್ಕಿಂತ ಮುಖ್ಯವಾದ ಅಂಶವಿದು. ಗೋಳ ತೀರ ದೊಡ್ಡದಾದರೆ ನಾಳದ ಬುಡದಲ್ಲಿಯೇ ನಿಲ್ಲುತ್ತದೆ. ಆಗ ಅಕ್ಕಪಕ್ಕದ ಕವಲುಗಳಿಂದ ಗಡ್ಡೆಗೆ ಮತ್ತೆ ರಕ್ತ ಹರಿಯುತ್ತದೆ. ತೀರ ಸಣ್ಣದಾದರೆ ಆರೋಗ್ಯವಂತ ಅಂಗಾಂಶದ ಕೊನೆಯ ನಾಳಗಳನ್ನೂ ಮುಚ್ಚಿ ಅದನ್ನು ಸಾಯಿಸಬಹುದು, ಇಲ್ಲವೇ ಗಡ್ಡೆಯೊಳಗಿನ ಅಸಹಜ ದಾರಿಯಿಂದ ನುಸುಳಿ ಶ್ವಾಸಕೋಶವನ್ನು ಸೇರಬಹುದು. ಆದುದರಿಂದ ಗೋಳಗಳನ್ನು 100–300, 300–500, 500–700 ಮೈಕ್ರೊಮೀಟರ್ ಎಂಬಂತೆ ಬೇರೆ ಬೇರೆ ಶ್ರೇಣಿಗಳಲ್ಲಿ ಮಾರಲಾಗುತ್ತದೆ.

ಮೃದುತ್ವ: ಗೋಳವು ತನಗಿಂತ ಕಿರಿದಾದ ಕ್ಯಾತಿಟರಿನಲ್ಲಿ ಕುಗ್ಗಿ ಸಾಗಬೇಕು, ಹೊರಬಂದ ಮೇಲೆ ಮೊದಲಿನ ಆಕಾರಕ್ಕೆ ಮರಳಬೇಕು. ಅತಿ ಮೃದುವಾದ ಗೋಳ ರಕ್ತದ ಒತ್ತಡಕ್ಕೆ ಚಪ್ಪಟೆಯಾಗಿ ನಿರೀಕ್ಷೆಗಿಂತ ಮುಂದಕ್ಕೆ ಸರಿಯುತ್ತದೆ.

ಬಾಳಿಕೆ: ಪಾಲಿವಿನೈಲ್ ಆಲ್ಕೊಹಾಲ್ ಮತ್ತು ಅಕ್ರಿಲಿಕ್ ಗೋಳಗಳು ದೇಹದಲ್ಲಿ ಕರಗುವುದಿಲ್ಲ. ಪಿಷ್ಟದ ಗೋಳಗಳು ರಕ್ತದಲ್ಲಿರುವ ಅಮೈಲೇಸ್ ಕಿಣ್ವದಿಂದ ಅಲ್ಪಕಾಲದಲ್ಲಿಯೇ ಕರಗುತ್ತವೆ.

ಔಷಧವಹನ: ಋಣ ವಿದ್ಯುದಾವೇಶದ ಗುಂಪುಗಳುಳ್ಳ ಗೋಳಗಳು ಧನ ಆವೇಶದ ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧವನ್ನು ಹಿಡಿದಿಟ್ಟುಕೊಂಡು, ಗಡ್ಡೆಯೊಳಗೆ ನಿಧಾನವಾಗಿ ಬಿಡುತ್ತವೆ.

ತಯಾರಿಕೆ

ಸಾಮಾನ್ಯ ವಿಧಾನದಲ್ಲಿ, ನೀರಿನಲ್ಲಿ ಕರಗಿಸಿದ ಪದಾರ್ಥವನ್ನು ಎಣ್ಣೆಯಂತಹ ದ್ರವದಲ್ಲಿ ಕಲಕಿ ಹನಿಗಳಾಗಿಸಲಾಗುತ್ತದೆ. ಹನಿಗಳು ಒಂದಾಗದಂತೆ ತಡೆಯುವ ವಸ್ತುವನ್ನು ಬೆರೆಸಿ, ರಾಸಾಯನಿಕ ಕ್ರಿಯೆಯಿಂದ ಅವನ್ನು ಗಟ್ಟಿಗೊಳಿಸುತ್ತಾರೆ. ಕಲಕುವ ವೇಗ ಹೆಚ್ಚಿದಷ್ಟೂ ಗೋಳಗಳು ಸಣ್ಣದಾಗುತ್ತವೆ. ಈ ವಿಧಾನದಲ್ಲಿ ನಾನಾ ಗಾತ್ರದ ಗೋಳಗಳು ದೊರೆಯುವುದರಿಂದ ತೊಳೆದು, ಜರಡಿ ಹಿಡಿದು, ಬೇಕಾದ ಶ್ರೇಣಿಯನ್ನು ಬೇರ್ಪಡಿಸಿ ಕ್ರಿಮಿಶುದ್ಧಗೊಳಿಸಬೇಕಾಗುತ್ತದೆ.

ಉಪಯೋಗ ಮತ್ತು ಮಿತಿಗಳು

ಯಕೃತ್ತಿನ ಆರೋಗ್ಯವಂತ ಭಾಗಕ್ಕೆ ಸುಮಾರು ಮುಕ್ಕಾಲು ಪಾಲು ರಕ್ತ ಪೋರ್ಟಲ್ ಅಭಿಧಮನಿಯಿಂದ ಬರುತ್ತದೆ. ಕ್ಯಾನ್ಸರ್ ಗಡ್ಡೆಗಾದರೋ ಮುಖ್ಯವಾಗಿ ಅಪಧಮನಿಯೇ ಆಧಾರ. ಅಪಧಮನಿಯ ಕವಲನ್ನು ಮುಚ್ಚಿದರೂ ಯಕೃತ್ತು ಉಳಿಯುವುದು ಈ ಕಾರಣದಿಂದಲೇ. 2010ರಲ್ಲಿ ಪ್ರಕಟವಾದ, 212 ರೋಗಿಗಳನ್ನು ಒಳಗೊಂಡ ಪ್ರಿಸಿಶನ್-ವಿ ಅಧ್ಯಯನದಲ್ಲಿ ಔಷಧ ತುಂಬಿದ ಗೋಳಗಳು ಹಳೆಯ ವಿಧಾನಕ್ಕಿಂತ ಹೆಚ್ಚು ಪರಿಣಾಮಕಾರಿ ಎಂಬುದು ಖಚಿತವಾಗಿ ಸಿದ್ಧವಾಗಲಿಲ್ಲ. ಆದರೆ ಯಕೃತ್ತಿನ ಮೇಲಿನ ತೀವ್ರ ದುಷ್ಪರಿಣಾಮಗಳು ಕಡಿಮೆಯಿದ್ದವು.

ಚಿಕಿತ್ಸೆಯ ನಂತರ ಕೆಲವು ದಿನ ನೋವು, ಜ್ವರ, ವಾಕರಿಕೆ ಕಾಣಿಸಿಕೊಳ್ಳುವುದು ಸಾಮಾನ್ಯ. ಫೈಬ್ರಾಯ್ಡ್ ಚಿಕಿತ್ಸೆಯಲ್ಲಿ ಕೆಲವು ಗೋಳಗಳು ಅಂಡಾಶಯದ ನಾಳಗಳನ್ನು ಸೇರಿ ಮುಟ್ಟು ನಿಲ್ಲುವ ಸಾಧ್ಯತೆಯುಂಟು. 45 ವರ್ಷ ಮೀರಿದವರಲ್ಲಿ ಇದು ಹೆಚ್ಚು. ಗರ್ಭಕೋಶವನ್ನು ಉಳಿಸಿಕೊಳ್ಳಲು ಇದು ಶಸ್ತ್ರಚಿಕಿತ್ಸೆಗೆ ಪರ್ಯಾಯವಾದರೂ, ಮುಂದೆ ಮಕ್ಕಳನ್ನು ಬಯಸುವ ಮಹಿಳೆ ಈ ವಿಷಯವನ್ನು ವೈದ್ಯರೊಡನೆ ಮೊದಲೇ ಚರ್ಚಿಸುವುದು ಅವಶ್ಯಕ. ಕರಗದ ಗೋಳವನ್ನು ಒಮ್ಮೆ ಬಿಟ್ಟ ಮೇಲೆ ಹಿಂದಕ್ಕೆ ತೆಗೆಯಲಾಗದು.

ಕರ್ನಾಟಕದಲ್ಲಿ

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಿದುಳು ಮತ್ತು ನರಗಳ ಚಿತ್ರಣಕ್ಕೂ ರಕ್ತನಾಳಗಳ ಮೂಲಕ ಮಾಡುವ ಚಿಕಿತ್ಸೆಗೂ ಪ್ರತ್ಯೇಕ ವಿಭಾಗವಿದೆ. ಈ ಚಿಕಿತ್ಸೆಗೆ ಆಂಜಿಯೊಗ್ರಫಿ ಯಂತ್ರ ಹಾಗೂ ವಿಶೇಷ ತರಬೇತಿ ಪಡೆದ ತಜ್ಞರು ಬೇಕಾಗುವುದರಿಂದ ಇದು ಮುಖ್ಯವಾಗಿ ದೊಡ್ಡ ಆಸ್ಪತ್ರೆಗಳಿಗೆ ಸೀಮಿತವಾಗಿದೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂತಹ ಊರುಗಳಿಂದ ಬೆಂಗಳೂರು ನಾನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದೆ. ಫೈಬ್ರಾಯ್ಡ್ ಅಥವಾ ಯಕೃತ್ತಿನ ಗಡ್ಡೆಯಿರುವ ರೋಗಿ ದಿನ ಗೊತ್ತುಮಾಡಿಕೊಂಡು ದೂರದ ಆಸ್ಪತ್ರೆಗೆ ಹೋಗಬಹುದು. ಹೆರಿಗೆಯ ನಂತರದ ತೀವ್ರ ರಕ್ತಸ್ರಾವದಲ್ಲಿ ಅಂತಹ ಕಾಲಾವಕಾಶವಿರುವುದಿಲ್ಲ. ಅಂಥ ಸಂದರ್ಭದಲ್ಲಿ ಗರ್ಭಕೋಶವನ್ನು ಸಂಕುಚಿಸುವ ಔಷಧ ಮುಂತಾದ ತಕ್ಷಣದ ಕ್ರಮಗಳನ್ನು ಹತ್ತಿರದ ಆಸ್ಪತ್ರೆಯಲ್ಲಿಯೇ ಕೈಗೊಳ್ಳಬೇಕಾಗುತ್ತದೆ. ಅವುಗಳಿಂದ ರಕ್ತ ನಿಲ್ಲದೆ ಎಂಬೊಲೈಸೇಶನ್ ಮಾಡಬೇಕಾಗಿ ಬಂದರೆ, ಶಾಶ್ವತ ಗೋಳಗಳಿಗಿಂತ ಕೆಲವು ವಾರಗಳಲ್ಲಿ ಕರಗುವ, ಬೆಲೆಯೂ ಕಡಿಮೆಯಿರುವ ಜೆಲಾಟಿನ್ ಸ್ಪಂಜಿನ ತುಣುಕುಗಳನ್ನೇ ಸಾಮಾನ್ಯವಾಗಿ ಆರಿಸಿಕೊಳ್ಳುತ್ತಾರೆ.