ಚಾಂಗಾನ್ ನಗರದಲ್ಲಿ ಭಾಷಾಭ್ಯಾಸ: ಪ್ರಜ್ಞಭಿಕ್ಷುವಿನ ನಿದರ್ಶನ

ಭಾರತದಿಂದ ಚೀನಾ ದೇಶಕ್ಕೆ ತೆರಳಿದ ಬೌದ್ಧಭಿಕ್ಷುಗಳ ಚರಿತ್ರೆಯನ್ನು ನಿರೂಪಿಸುವವರು ಸಾಮಾನ್ಯವಾಗಿ ಅವರು ಭಾಷಾಂತರಿಸಿದ ಗ್ರಂಥಗಳ ಪಟ್ಟಿಯನ್ನು ಕೊಟ್ಟು ತೃಪ್ತರಾಗುತ್ತಾರೆ. ಆ ಭಿಕ್ಷುಗಳು ಚೀನೀ ಭಾಷೆಯನ್ನು ಎಲ್ಲಿ, ಯಾರಿಂದ, ಎಷ್ಟರಮಟ್ಟಿಗೆ ಕಲಿತರೆಂಬ ಪ್ರಶ್ನೆ ಹಿಂದೆಯೇ ಉಳಿದುಬಿಡುತ್ತದೆ. ಎಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಚಾಂಗಾನ್ ನಗರದಲ್ಲಿ ನಡೆದ ಒಂದು ವಿಫಲ ಭಾಷಾಂತರದ ವೃತ್ತಾಂತ ಈ ಪ್ರಶ್ನೆಯ ಮೇಲೆ ಬೆಳಕು ಚೆಲ್ಲುತ್ತದೆ.

ಇಂದಿನ ಷೀಆನ್ ಇರುವೆಡೆಯಲ್ಲಿ ಹಬ್ಬಿದ್ದ ಚಾಂಗಾನ್, ತಾಂಗ್ ವಂಶದ (618-907) ರಾಜಧಾನಿ. ಅದರ ವಿಸ್ತಾರ ಸುಮಾರು 84 ಚದರ ಕಿಲೋಮೀಟರು. ನೇರವಾದ ಬೀದಿಗಳು ನಗರವನ್ನು ನೂರಕ್ಕೂ ಮಿಕ್ಕ ಕೇರಿಗಳಾಗಿ ವಿಭಾಗಿಸಿದ್ದವು. ಪ್ರತಿಯೊಂದು ಕೇರಿಗೂ ಸುತ್ತುಗೋಡೆಯಿತ್ತು. ಸಂಜೆಯ ನಗಾರಿಯಾದೊಡನೆ ಬಾಗಿಲುಗಳು ಮುಚ್ಚುತ್ತಿದ್ದವು. ನಗರದ ಪಶ್ಚಿಮ ಪೇಟೆ ಪರದೇಶದ ವರ್ತಕರ ನೆಲೆ. ಅದರ ಉತ್ತರಕ್ಕೆ ಲೀಚ್ಯುವಾನ್ ಕೇರಿ. ಅಲ್ಲಿಂದ ವಾಯವ್ಯಕ್ಕೆ ಅನತಿದೂರದಲ್ಲಿ ಯೀನಿಂಗ್ ಕೇರಿ. ಈ ಯೀನಿಂಗ್ ಕೇರಿಯಲ್ಲಿ 638ರಲ್ಲಿ ಸಿರಿಯಾಕ್ ಸಂಪ್ರದಾಯದ ಕ್ರೈಸ್ತರ ದೇವಾಲಯ ಸ್ಥಾಪಿತವಾಯಿತು. ಹೊಸದಾಗಿ ಬಂದ ಪರದೇಶಿ ಚೀನೀ ಭಾಷೆಯನ್ನು ಅರಿಯದೆಯೂ ಇಲ್ಲಿ ತನ್ನ ಕಡೆಯವರನ್ನು ಕಂಡು ಬಾಳಬಹುದಾಗಿತ್ತು. ಈ ಅನುಕೂಲದಲ್ಲಿಯೇ ಅಪಾಯವೂ ಅಡಗಿತ್ತು.

ಪ್ರಜ್ಞನು ಕಪಿಶದೇಶದವನು, ಎಂದರೆ ಈಗಿನ ಆಫ್ಘಾನಿಸ್ತಾನಕ್ಕೆ ಸೇರಿದ ಪ್ರಾಂತದವನು. ನಾಲಂದೆಯಲ್ಲಿಯೂ ದಕ್ಷಿಣ ಭಾರತದಲ್ಲಿಯೂ ವ್ಯಾಸಂಗ ಮಾಡಿ, ಸಮುದ್ರಮಾರ್ಗವಾಗಿ ಚೀನಾಕ್ಕೆ ಬಂದು, ಸುಮಾರು 782ರಲ್ಲಿ ಚಾಂಗಾನನ್ನು ಸೇರಿದನು. ಅವನ ಸೋದರಮಾವನ ಮಗನೊಬ್ಬನು ಅಲ್ಲಿ ಚಕ್ರವರ್ತಿಯ ಸೈನ್ಯದ ಅಧಿಕಾರಿಯಾಗಿದ್ದನು. 786ರಲ್ಲಿ ಇಬ್ಬರ ಭೇಟಿಯಾಗಿ, ಬಂಧುವಿನ ಪ್ರಾರ್ಥನೆಯಂತೆ ಪ್ರಜ್ಞನು ಷಟ್ಪಾರಮಿತಾ ಸೂತ್ರದ ಭಾಷಾಂತರಕ್ಕೆ ತೊಡಗಿದನು. ಸಹಾಯಕ್ಕೆ ದೊರೆತವನು ಕ್ರೈಸ್ತ ದೇವಾಲಯದ ಚಿಂಗ್‌ಚಿಂಗ್. ಸಿರಿಯಾಕ್ ಭಾಷೆಯಲ್ಲಿ ಇವನ ಹೆಸರು ಆದಾಮ. ಮೂಲಪ್ರತಿ ಸಂಸ್ಕೃತದ್ದಲ್ಲ, ಮಧ್ಯ ಏಷ್ಯದ ಭಾಷೆಯೊಂದರದು, ಬಹುಶಃ ಸೋಗ್ದಿಯನ್.

ಏಳು ಸುರುಳಿಗಳ ಭಾಷಾಂತರವೇನೋ ಮುಗಿಯಿತು. ಆದರೆ 800ರಲ್ಲಿ ಬೌದ್ಧಗ್ರಂಥಗಳ ಸೂಚಿಯನ್ನು ರಚಿಸಿದ ಯುವಾನ್‌ಚಾವ್ ಎಂಬ ಭಿಕ್ಷು ಅದರ ದೋಷವನ್ನು ಮುಚ್ಚಿಡದೆ ಹೇಳಿದ್ದಾನೆ: ಪ್ರಜ್ಞನಿಗೆ ಮೂಲಪ್ರತಿಯ ಭಾಷೆಯಲ್ಲಿ ಪರಿಚಯವಿರಲಿಲ್ಲ, ಚೀನೀ ಭಾಷೆಯೂ ಇನ್ನೂ ಬಂದಿರಲಿಲ್ಲ, ಚಿಂಗ್‌ಚಿಂಗನಿಗೆ ಸಂಸ್ಕೃತವೂ ತಿಳಿಯದು, ಬೌದ್ಧಸಿದ್ಧಾಂತವೂ ತಿಳಿಯದು. ಚಕ್ರವರ್ತಿ ತೆಜುಂಗನು ಆ ಗ್ರಂಥದ ಅರ್ಥ ಅಸ್ಪಷ್ಟವೆಂದು ನಿರಾಕರಿಸಿ, ಎರಡು ಧರ್ಮದವರೂ ತಮ್ಮ ತಮ್ಮ ಬೋಧನೆಯನ್ನೇ ನಡೆಸತಕ್ಕದ್ದೆಂದು ವಿಧಿಸಿದನು.

ಚಿಂಗ್‌ಚಿಂಗನು ಅಪಂಡಿತನಾಗಿದ್ದನೆಂದು ಇದರಿಂದ ಊಹಿಸಲಾಗದು. 781ರ ಪ್ರಸಿದ್ಧ ಕ್ರೈಸ್ತ ಶಿಲಾಶಾಸನದ ಪ್ರೌಢ ಚೀನೀ ಗದ್ಯ ಅವನದೇ. ಪ್ರಜ್ಞನೂ ತನ್ನ ಶಾಸ್ತ್ರದಲ್ಲಿ ನಿಷ್ಣಾತನೇ. ಕೊರತೆಯಿದ್ದದ್ದು ಇಬ್ಬರ ವಿದ್ವತ್ತನ್ನು ಬೆಸೆಯಬಲ್ಲ ಮೂರನೆಯವನದು.

ಈ ಕೊರತೆ 788ರಲ್ಲಿ ನೀಗಿತು. ರಾಜಾಜ್ಞೆಯಂತೆ ಷೀಮಿಂಗ್ ವಿಹಾರದಲ್ಲಿ ಸಂಸ್ಕೃತ ಪ್ರತಿಯಿಂದ ಹೊಸ ಭಾಷಾಂತರ ನಡೆಯಿತು. ಪ್ರಜ್ಞನು ಮೂಲವನ್ನು ವಿವರಿಸಿದನು, ಕೂಚಾದ ಲೀಯೆನ್ ಅದನ್ನು ಚೀನೀ ಭಾಷೆಗೆ ತಿರುಗಿಸಿದನು, ಯುವಾನ್‌ಚಾವ್ ಬರೆದುಕೊಂಡನು. ಹತ್ತು ಸುರುಳಿಗಳ ಈ ಗ್ರಂಥಕ್ಕೆ ಚಕ್ರವರ್ತಿಯೇ ಮುನ್ನುಡಿ ಬರೆದನು.

ಆಮೇಲಿನ ಸಂಗತಿ ಇನ್ನೂ ಗಮನಾರ್ಹವಾದದ್ದು. ಓಡ್ರದೇಶದ ಅರಸನು 795ರಲ್ಲಿ ಕಳುಹಿಸಿದ ಗಂಡವ್ಯೂಹದ ಪ್ರತಿಯನ್ನು ಪ್ರಜ್ಞನ ಮುಖಂಡತ್ವದಲ್ಲಿ ಭಾಷಾಂತರಿಸಿ 798ರಲ್ಲಿ ಪೂರೈಸಿದಾಗಲೂ ದ್ವಿಭಾಷಿಯ ಕಾರ್ಯ ಬೇರೊಬ್ಬನದು. 805ರಲ್ಲಿ ಜಪಾನಿನ ಕೂಕಾಯ್ ಲೀಚ್ಯುವಾನ್ ವಿಹಾರದಲ್ಲಿ ಇದೇ ಪ್ರಜ್ಞನ ಬಳಿ ಪಾಠ ಕೇಳಿದನು. 810ರಲ್ಲಿ ಅದೇ ವಿಹಾರದಲ್ಲಿ ಪ್ರಜ್ಞನು ಮತ್ತೊಂದು ಸೂತ್ರವನ್ನು ಕೈಗೊಂಡಾಗ, ಅದನ್ನು ಚೀನೀ ಭಾಷೆಗೆ ತಂದವನು ರೇಯ್‌ಸೆನ್ ಎಂಬ ಜಪಾನೀ ಭಿಕ್ಷು. ಹೀಗೆ ಚಾಂಗಾನಿನಲ್ಲಿ ಸುಮಾರು 28 ವರ್ಷ ಕಳೆದ ಮೇಲೆಯೂ ಭಾರತೀಯ ಗುರುವಿನ ಪಕ್ಕದಲ್ಲಿ ದ್ವಿಭಾಷಿಯೊಬ್ಬನು ಕುಳಿತಿದ್ದನು.

ಇಮ್ಮಡಿ ಪುಲಕೇಶಿಯ ರಾಜ್ಯವನ್ನು ವರ್ಣಿಸಿದ ಹ್ಯೂಯೆನ್‌ತ್ಸಾಂಗನು 645ರಲ್ಲಿ ಇದೇ ನಗರಕ್ಕೆ ಹಿಂದಿರುಗಿದಾಗ ಎರಡು ಭಾಷೆಗಳಲ್ಲಿಯೂ ಪಾರಂಗತನಾಗಿದ್ದನು. ಅಂಥವರು ವಿರಳ. ಉಳಿದವರ ವಿಷಯದಲ್ಲಿ, ಗ್ರಂಥದ ಮೇಲಿರುವ ಒಂದು ಹೆಸರನ್ನು ನೋಡಿ ಏಕಾಂಗಿ ಭಾಷಾಂತರಕಾರನನ್ನು ಕಲ್ಪಿಸಿಕೊಳ್ಳುವುದು ಚರಿತ್ರಕಾರನಿಗೆ ತರವಲ್ಲ. ಆ ಹೆಸರಿನ ಹಿಂದೆ ಕೂಚಾದ, ಚೀನಾದ, ಜಪಾನಿನ ಜನರಿದ್ದಾರೆ. ಅವರನ್ನು ಒಂದೆಡೆ ಸೇರಿಸಿದ ನಗರವಿದೆ.

ಚಿಂಗ್‌ಚಿಂಗನ ಶಾಸನ ಇಂದಿಗೂ ಷೀಆನಿನ ಬೇಲಿನ್‌ನಲ್ಲಿ, ಎಂದರೆ ‘ಶಾಸನಗಳ ವನ’ದಲ್ಲಿ, ನಿಂತಿದೆ. ಅದರಲ್ಲಿ ಚೀನೀ ಅಕ್ಷರಗಳ ಜತೆಗೆ ಸಿರಿಯಾಕ್ ಅಕ್ಷರಗಳೂ ಇವೆ. ಅವನೂ ಪ್ರಜ್ಞನೂ ಕೂಡಿ ರಚಿಸಿದ ಏಳು ಸುರುಳಿಗಳು ಮಾತ್ರ ಉಳಿಯಲಿಲ್ಲ. ಆದರೆ ಚಾಂಗಾನಿನಲ್ಲಿ ಭಾಷಾಂತರ ಹೇಗೆ ನಡೆಯುತ್ತಿತ್ತೆಂಬುದನ್ನು ನಮಗೆ ಸ್ಪಷ್ಟವಾಗಿ ತಿಳಿಸಿಕೊಡುವುದು ಆ ಸೋಲಿನ ವೃತ್ತಾಂತವೇ.